ಮಕ್ಕಳ ಮನೆಗೆ ಅತಿಥಿಗಳೋ, ಅಮೆರಿಕದ ನಿವಾಸಿಗಳೋ?

ಒಂದು ಕಾಲಕ್ಕೆ ಮಗ ಹುಬ್ಬಳ್ಳಿಯಿಂದ ಮುಂಬಯಿಗೆ ನೌಕರಿಗೆಂದು ಹೋದರೆ ಅದೇ ಪರದೇಶವೆನಿಸುತ್ತಿತ್ತು. ಹಬ್ಬಕ್ಕೆ, ಜಾತ್ರೆಗೆ ಅವನು ಊರಿಗೆ ಬರುತ್ತಿದ್ದನೇ ಹೊರತು ತಂದೆತಾಯಿಗಳು ಮನೆಗೆ ಬೀಗ ಹಾಕಿ ಅವನ ಬೆನ್ನಿಗೆ ಹೋಗುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ದಾವಣಗೆರೆ, ಧಾರವಾಡ, ಬೆಳಗಾವಿ, ತುಮಕೂರುಗಳ ಮನೆಗಳಿಂದ ಓದಿಗೆಂದು, ಉದ್ಯೋಗಕ್ಕೆಂದು ಹೊರಟ ನಮ್ಮ ಮಕ್ಕಳು ಅಮೆರಿಕದಲ್ಲಿ ಮನೆ ಮಾಡಿ ನೆಲೆನಿಂತಿದ್ದಾರೆ. ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆಯುತ್ತಿದ್ದಾರೆ. ಇತ್ತ ತಂದೆ ಸೇವೆಯಿಂದ ನಿವೃತ್ತರಾಗಿದ್ದಾರೆ, ತಾಯಿಗೆ ಮಂಡಿನೋವು ಆರಂಭವಾಗಿದೆ. “ಅಲ್ಲಿ ಇಬ್ಬರೇ ಏಕೆ ಇರುವಿರಿ? ನಮ್ಮಲ್ಲಿಗೇ ಬಂದುಬಿಡಿ” ಎಂದು ಮಕ್ಕಳು ಕರೆಯುತ್ತಾರೆ.

ಆ ಕರೆಯಲ್ಲಿರುವ ಪ್ರೀತಿಯನ್ನು ನಾವು ಎಳ್ಳಷ್ಟೂ ಶಂಕಿಸುವುದಿಲ್ಲ. ಮುಪ್ಪಿನಲ್ಲಿ ಮಕ್ಕಳ ನೆರಳು ದೊರೆಯುವುದು ಭಾಗ್ಯವೇ ಸರಿ. ಆದರೆ ಮಗ ಕರೆಯುವುದು ತನ್ನ ಮನೆಗೆ. ತಂದೆತಾಯಿಗಳು ಕಾಲಿಡುವುದು ಮಾತ್ರ ಇನ್ನೊಂದು ದೇಶದ ಕಾನೂನಿನೊಳಕ್ಕೆ. ಮಕ್ಕಳ ಮನೆಗೆ ಹೋಗಿ ಇದ್ದು ಬರುವುದು ಬೇರೆ, ಆ ದೇಶದ ನಿವಾಸಿಗಳಾಗುವುದು ಬೇರೆ. ಈ ಎರಡರ ಅಂತರವನ್ನು ಹೊರಡುವ ಮೊದಲೇ ಅರಿತುಕೊಂಡ ಕುಟುಂಬಗಳು ನೆಮ್ಮದಿಯಿಂದಿವೆ. ಅರಿಯದೆ ಹೋದವರು ಅರುವತ್ತು ಎಪ್ಪತ್ತರ ವಯಸ್ಸಿನಲ್ಲಿ ಅರ್ಜಿ, ತೆರಿಗೆ, ಆಸ್ಪತ್ರೆಯ ಬಿಲ್ಲುಗಳ ನಡುವೆ ಕಳವಳಪಡುತ್ತಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಿವೃತ್ತರಿಗೆಂದೇ ತೆರೆದ ಬಾಗಿಲಿಲ್ಲ

ಜಗತ್ತಿನ ಕೆಲವು ದೇಶಗಳು ಹೊರನಾಡಿನ ನಿವೃತ್ತರನ್ನು ಹಣವುಳ್ಳ ಅತಿಥಿಗಳೆಂದು ಬರಮಾಡಿಕೊಳ್ಳುತ್ತವೆ. ಥಾಯ್ಲೆಂಡ್ ದೇಶವು 50 ವರ್ಷ ದಾಟಿದ ವಿದೇಶೀಯರು ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟರೆ, ಇಲ್ಲವೆ ತಿಂಗಳಿಗೆ 65 ಸಾವಿರ ಬಾತ್ ವರಮಾನ ತೋರಿಸಿದರೆ ವರ್ಷ ವರ್ಷಕ್ಕೂ ವಾಸದ ಅವಧಿಯನ್ನು ವಿಸ್ತರಿಸುತ್ತದೆ. ಅಲ್ಲಿಯೂ 90 ದಿನಗಳಿಗೊಮ್ಮೆ ತಮ್ಮ ವಿಳಾಸವನ್ನು ಅಧಿಕಾರಿಗಳಿಗೆ ತಿಳಿಸುತ್ತಲೇ ಇರಬೇಕು.

ಅಮೆರಿಕದಲ್ಲಿ ಇಂತಹ ಏರ್ಪಾಡೇ ಇಲ್ಲ. ನಿವೃತ್ತರಿಗೆಂದು ಪ್ರತ್ಯೇಕವಾದ ವೀಸಾವನ್ನು ಆ ದೇಶ ನೀಡುವುದಿಲ್ಲ. ನಮ್ಮ ಹಿರಿಯರಿಗೆ ಸಾಮಾನ್ಯವಾಗಿ ಅಲ್ಲಿರುವುದು ಎರಡೇ ಬಾಗಿಲು: ಒಂದು ಸಂದರ್ಶಕರದು, ಇನ್ನೊಂದು ಶಾಶ್ವತ ನಿವಾಸಿಗಳದು. ಮೊದಲನೆಯದು ಬಿ-2 ವೀಸಾ. ಎರಡನೆಯದು ಎಲ್ಲರ ಬಾಯಲ್ಲೂ ಇರುವ ಗ್ರೀನ್ ಕಾರ್ಡ್.

ಅತಿಥಿಯ ಬಾಗಿಲು

ಮಗಳ ಬಾಣಂತನಕ್ಕೆಂದೋ, ಮಗನ ಗೃಹಪ್ರವೇಶಕ್ಕೆಂದೋ ಹೋಗುವ ತಂದೆತಾಯಿಗಳು ಪಡೆಯುವುದು ಸಂದರ್ಶಕರ ವೀಸಾ. ಭಾರತೀಯರಿಗೆ ಇದನ್ನು ಸಾಮಾನ್ಯವಾಗಿ 10 ವರ್ಷಗಳ ಅವಧಿಗೆ ನೀಡುತ್ತಾರೆ. ಇಲ್ಲಿಯೇ ಅನೇಕರು ಎಡವುವುದುಂಟು. ಹತ್ತು ವರ್ಷದ ವೀಸಾ ಎಂದರೆ ಹತ್ತು ವರ್ಷ ಇರಬಹುದೆಂದು ಅರ್ಥವಲ್ಲ. ಆ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟಬಹುದೆಂದಷ್ಟೇ ಅರ್ಥ. ಒಂದು ಸಲಕ್ಕೆ ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಅದು ಬಹುತೇಕ ಆರು ತಿಂಗಳು. ಆ ದಿನಾಂಕವು ಐ-94 ಎಂಬ ದಾಖಲೆಯಲ್ಲಿರುತ್ತದೆ. ಮನೆ ಸೇರಿದ ದಿನವೇ ಮಕ್ಕಳಿಂದ ಆ ದಾಖಲೆಯನ್ನು ತೆಗೆಸಿ ಇಟ್ಟುಕೊಳ್ಳುವುದು ಉಚಿತ.

ಅನಿವಾರ್ಯ ಕಾರಣವಿದ್ದರೆ ಅವಧಿ ಮುಗಿಯುವ ಮುನ್ನವೇ ಐ-539 ಎಂಬ ಅರ್ಜಿ ಸಲ್ಲಿಸಿ ವಿಸ್ತರಣೆ ಕೇಳಬಹುದು. ಆದರೆ ಸುಮ್ಮನೆ ಉಳಿದುಬಿಡುವುದು ಸಲ್ಲದು. ಅವಧಿ ಮೀರಿ 180 ದಿನಗಳಿಗಿಂತ ಹೆಚ್ಚು ಕಾಲ ಉಳಿದು ಹಿಂದಿರುಗಿದವರಿಗೆ ಮೂರು ವರ್ಷ, ಒಂದು ವರ್ಷವೋ ಅದಕ್ಕೂ ಹೆಚ್ಚೋ ಉಳಿದವರಿಗೆ ಹತ್ತು ವರ್ಷ ಆ ದೇಶಕ್ಕೆ ಪ್ರವೇಶ ನಿಷಿದ್ಧವಾಗುತ್ತದೆ. ಎಪ್ಪತ್ತರ ಹಿರಿಯರಿಗೆ ಹತ್ತು ವರ್ಷದ ನಿಷೇಧವೆಂದರೆ ಮೊಮ್ಮಕ್ಕಳ ಮುಖ ನೋಡುವ ಅವಕಾಶವೇ ತಪ್ಪಿಹೋದಂತೆ.

ಅತಿಥಿಯಾಗಿ ಹೋಗುವವರಿಗೆ ದೊಡ್ಡ ಅಪಾಯವಿರುವುದು ಅನಾರೋಗ್ಯದಲ್ಲಿ. ಸಂದರ್ಶಕರಿಗೆಂದು ಮಾರುವ ವಿಮೆಗಳು ಸಾಮಾನ್ಯವಾಗಿ ಮೊದಲೇ ಇರುವ ಕಾಯಿಲೆಗಳ ಚಿಕಿತ್ಸೆಯನ್ನು ಹೊರಗಿಡುತ್ತವೆ. ನಮ್ಮ ಹಿರಿಯರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದವರೆಷ್ಟು ಮಂದಿ? ಮೊದಲಿದ್ದ ಕಾಯಿಲೆ ಹಠಾತ್ತನೆ ಉಲ್ಬಣಗೊಂಡರೆ ಮಾತ್ರ ಒಂದು ಮಿತಿಯವರೆಗೆ ಹಣ ಕೊಡುವ ವಿಮೆಗಳೂ ಉಂಟು. ಅವುಗಳಲ್ಲಿಯೂ ವಯಸ್ಸು ಏರಿದಂತೆ ಮಿತಿ ಇಳಿಯುತ್ತದೆ. ಕಡಿಮೆ ಕಂತಿನ ಆಸೆಗೆ ಬೀಳದೆ ಷರತ್ತುಗಳನ್ನು ಸಾಲು ಸಾಲಾಗಿ ಓದಿಸಿ ಕೇಳಬೇಕು. ನಿತ್ಯ ಸೇವಿಸುವ ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಇಲ್ಲಿಂದಲೇ ಒಯ್ಯಬೇಕು.

ನಿವಾಸಿಯ ಬಾಗಿಲು

ಗ್ರೀನ್ ಕಾರ್ಡಿಗೆ ತಂದೆತಾಯಿಗಳ ಪರವಾಗಿ ಅರ್ಜಿ ಹಾಕಬಲ್ಲವರು 21 ವರ್ಷ ತುಂಬಿದ, ಅಮೆರಿಕದ ಪೌರತ್ವ ಪಡೆದ ಮಕ್ಕಳು ಮಾತ್ರ. ಮಗನಿಗೆ ಗ್ರೀನ್ ಕಾರ್ಡ್ ಇದ್ದರೆ ಸಾಲದು. ಎಚ್-1ಬಿ ಉದ್ಯೋಗ ವೀಸಾದ ಮೇಲಿರುವವನಿಗಂತೂ ಈ ಅವಕಾಶವೇ ಇಲ್ಲ. ಮಗ ಮಗಳೆಂಬ ಭೇದವನ್ನು ಆ ಕಾನೂನು ಎಣಿಸುವುದಿಲ್ಲ. ಮದುವೆಯಾದ ಮಗಳೂ ತನ್ನ ತಂದೆತಾಯಿಗಳನ್ನು ಕರೆಸಿಕೊಳ್ಳಬಹುದು.

ಪೌರರ ತಂದೆತಾಯಿಗಳಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಆದುದರಿಂದ ಬೇರೆ ಬಂಧುಗಳಂತೆ ದಶಕಗಟ್ಟಲೆ ಕಾಯಬೇಕಾಗಿಲ್ಲ. ಆದರೆ ತಂದೆಗೊಂದು, ತಾಯಿಗೊಂದು ಎಂದು ಐ-130 ಅರ್ಜಿಯನ್ನು ಬೇರೆ ಬೇರೆಯಾಗಿಯೇ ಸಲ್ಲಿಸಬೇಕು. 2024ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ದರದಂತೆ ಕಾಗದದ ಅರ್ಜಿಯೊಂದಕ್ಕೆ 675 ಡಾಲರ್. ಆಮೇಲೆ ವಲಸೆ ವೀಸಾ ಶುಲ್ಕ, ವೈದ್ಯಕೀಯ ತಪಾಸಣೆ, ಚುಚ್ಚುಮದ್ದು, ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರಗಳ ಸಾಲು. ಹಳ್ಳಿಯಲ್ಲಿ ಹುಟ್ಟಿದ ನಮ್ಮ ಹಿರಿಯರ ಜನನ ನೋಂದಣಿಯೇ ಆಗಿರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದೂ ಉಂಟು. ಈ ಕಾಗದಗಳನ್ನು ಸರಿಪಡಿಸಲು ತಾಲ್ಲೂಕು ಕಚೇರಿಗೆ ಎಡತಾಕುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕಿಂತ ಮುಖ್ಯವಾದುದು ಐ-864 ಎಂಬ ಭರವಸೆ ಪತ್ರ. ತಂದೆತಾಯಿಗಳು ಸರ್ಕಾರಕ್ಕೆ ಹೊರೆಯಾಗರು, ಅವರ ಪೋಷಣೆಯ ಭಾರ ನನ್ನದು ಎಂದು ಮಗನೋ ಮಗಳೋ ಅದರಲ್ಲಿ ಸಹಿ ಹಾಕಬೇಕು. ಅವರ ವರಮಾನವು ಅಲ್ಲಿನ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ತಂದೆತಾಯಿ ಸೇರಿ ಆರು ಜನರ ಕುಟುಂಬಕ್ಕೆ 2025ರ ಮಾನದಂಡದಂತೆ ಇದು ವರ್ಷಕ್ಕೆ ಸುಮಾರು 53,937 ಡಾಲರ್. ಈ ಸಹಿ ಒಂದೆರಡು ವರ್ಷದ ಮಾತಲ್ಲ. ತಂದೆತಾಯಿಗಳು ಅಲ್ಲಿನ ಪೌರರಾಗುವವರೆಗೆ, ಇಲ್ಲವೆ ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೆ ಆ ದೇಶವನ್ನು ಶಾಶ್ವತವಾಗಿ ಬಿಡುವವರೆಗೆ, ಅಥವಾ ಜೀವಮಾನವಿಡೀ ಅದು ಮಕ್ಕಳನ್ನು ಬಂಧಿಸುತ್ತದೆ. ನಡುವೆ ಮಗನ ಉದ್ಯೋಗ ಹೋದರೂ ಹೊಣೆ ಹೋಗುವುದಿಲ್ಲ. ಸೊಸೆಯ ಅಥವಾ ಅಳಿಯನ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇಂತಹ ಕಾಗದಕ್ಕೆ ಸಹಿ ಹಾಕಿಸುವುದು ತರವಲ್ಲ.

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ

“ಗ್ರೀನ್ ಕಾರ್ಡ್ ಇರಲಿ, ಬೇಕಾದಾಗ ಹೋಗಿ ಬರುತ್ತಿರೋಣ” ಎಂಬ ಮಾತನ್ನು ನಾವು ಹಲವು ಮನೆಗಳಲ್ಲಿ ಕೇಳಿದ್ದೇವೆ. ಇದು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ. ಗ್ರೀನ್ ಕಾರ್ಡ್ ಪ್ರವಾಸದ ರಹದಾರಿಯಲ್ಲ. ಅಲ್ಲಿಯೇ ಬಾಳುವೆನೆಂಬ ಒಪ್ಪಂದ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಹಿಂದಿರುಗುವಾಗ ಪ್ರಶ್ನೆಗಳೇಳುತ್ತವೆ. ಒಂದು ವರ್ಷಕ್ಕೂ ಮೀರಿ ಹೊರಗೆ ಉಳಿದರೆ ಕಾರ್ಡಿನಿಂದ ಮಾತ್ರವೇ ಒಳಗೆ ಹೋಗಲಾಗದು. ದೀರ್ಘಕಾಲ ಊರಿನಲ್ಲಿ ಇರಬೇಕಾದವರು ಮರುಪ್ರವೇಶ ಪರವಾನಿಗೆ ಪಡೆಯಬೇಕು. ಅದಕ್ಕೆ ಅಮೆರಿಕದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ಅದರ ಅವಧಿ ಹೆಚ್ಚೆಂದರೆ ಎರಡು ವರ್ಷ.

ಊರಿನ ಹೊಲ, ಮನೆ, ಮಠದ ಸಂಬಂಧ, ಬಂಧುಬಳಗದ ಮದುವೆ ಮುಂಜಿಗಳನ್ನು ಬಿಡಲೊಲ್ಲದ ಹಿರಿಯರಿಗೆ ಸಂದರ್ಶಕರ ವೀಸಾವೇ ಹಿತವೆಂದು ನಮ್ಮ ಅಭಿಪ್ರಾಯ. ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ, ಅಲ್ಲಿಯೇ ಕೊನೆಯವರೆಗೆ ನೆಲೆಸಲು ಮನಸ್ಸು ಮಾಡಿದ ಹಿರಿಯರಿಗೆ ಗ್ರೀನ್ ಕಾರ್ಡ್ ಒಪ್ಪುತ್ತದೆ. ಈ ಎರಡರಲ್ಲಿ ತಾವು ಯಾವ ಬಗೆಯವರೆಂಬುದನ್ನು ದಂಪತಿಗಳಿಬ್ಬರೂ ಕುಳಿತು ಮೊದಲೇ ತೀರ್ಮಾನಿಸಬೇಕು.

ಐದು ವರ್ಷಗಳ ಕಂದಕ

ಶಾಶ್ವತ ನಿವಾಸಿಗಳಾದೊಡನೆ ಅಲ್ಲಿನ ಸರ್ಕಾರವೇ ವೃದ್ಧರ ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. 65 ವರ್ಷ ದಾಟಿದವರಿಗಾಗಿ ಇರುವ ಮೆಡಿಕೇರ್ ಯೋಜನೆಗೆ ಹೊರಗಿನಿಂದ ಬಂದ ತಂದೆತಾಯಿಗಳು ಸೇರಬೇಕಾದರೆ ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಎಡೆಬಿಡದೆ ಅಲ್ಲಿ ವಾಸಿಸಿರಬೇಕು. 66ರ ತಂದೆ, 62ರ ತಾಯಿ ಇಂದು ಹೋದರೆಂದು ಭಾವಿಸೋಣ. ತಂದೆಗೆ ಆ ಯೋಜನೆ ದೊರೆಯುವುದು 71ಕ್ಕೆ, ತಾಯಿಗೆ 67ಕ್ಕೆ.

ದೊರೆತಾಗಲೂ ಅದು ಉಚಿತವಲ್ಲ. ಅಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಭಾಗಕ್ಕೆ ಕಂತಿಲ್ಲ. ದುಡಿಯದ ನಮ್ಮ ಹಿರಿಯರು ಪೂರ್ಣ ಕಂತು ತೆರಬೇಕು. 2026ರ ದರದಂತೆ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 565 ಡಾಲರ್, ವೈದ್ಯರ ಭಾಗಕ್ಕೆ 202 ಡಾಲರ್ 90 ಸೆಂಟ್. ಒಬ್ಬರಿಗೆ 767 ಡಾಲರ್ 90 ಸೆಂಟ್. ದಂಪತಿಗಳಿಬ್ಬರಿಗೆ ವರ್ಷಕ್ಕೆ 18,400 ಡಾಲರಿಗೂ ಹೆಚ್ಚು, ಎಂದರೆ ನಮ್ಮ ಹಣದಲ್ಲಿ ಹದಿನೈದು ಲಕ್ಷ ರೂಪಾಯಿಗೂ ಮೀರಿದ ಮಾತು. ಇದರ ಮೇಲೆ ಔಷಧಿಯ ವಿಮೆ ಬೇರೆ. ಹಲ್ಲು, ಕನ್ನಡಕ, ಕಿವಿಯ ಯಂತ್ರಗಳು ಮೂಲ ಯೋಜನೆಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಹಾಸಿಗೆ ಹಿಡಿದವರನ್ನು ದೀರ್ಘಕಾಲ ನೋಡಿಕೊಳ್ಳುವ ಶುಶ್ರೂಷೆಯ ವೆಚ್ಚವನ್ನೂ ಅದು ಭರಿಸುವುದಿಲ್ಲ. ಊರಿಗೆ ಬಂದಾಗ ಕಾಯಿಲೆ ಬಿದ್ದರೆ ಅದರ ನೆರವೂ ಇಲ್ಲ.

ಮೊದಲ ಐದು ವರ್ಷ ಏನು ಮಾಡಬೇಕು? ಮಗನ ಕಂಪನಿಯ ವಿಮೆ ಅವನ ಹೆಂಡತಿ ಮಕ್ಕಳನ್ನು ಒಳಗೊಳ್ಳುತ್ತದೆಯೇ ಹೊರತು ತಂದೆತಾಯಿಗಳನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಬಡವರಿಗಾಗಿ ಇರುವ ಮೆಡಿಕೈಡ್ ನೆರವು 1996ರ ಕಾನೂನಿನಂತೆ ಹೊಸ ನಿವಾಸಿಗಳಿಗೆ ಮೊದಲ ಐದು ವರ್ಷ ಬಹುಮಟ್ಟಿಗೆ ನಿಷಿದ್ಧ. ಆದುದರಿಂದ ವಿಮಾ ಮಾರುಕಟ್ಟೆಯಲ್ಲಿ ಹಣ ಕೊಟ್ಟು ವಿಮೆ ಕೊಳ್ಳಬೇಕು. ಆ ವಿಮೆ ಹಳೆಯ ಕಾಯಿಲೆಗಳೆಂದು ಯಾರನ್ನೂ ತಳ್ಳಿಹಾಕುವಂತಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಅರುವತ್ತು ದಾಟಿದವರ ಕಂತು ಯುವಕರ ಕಂತಿನ ಮೂರು ಪಟ್ಟಿನವರೆಗೂ ಇರಬಹುದು. ಈ ಐದು ವರ್ಷಗಳ ಕಂದಕವನ್ನು ದಾಟುವ ಹಣ ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಉತ್ತರ ಸಿಗದೆ ಹೊರಡುವುದು ವಿವೇಕವಲ್ಲ.

ತೆರಿಗೆಯೂ ಊರಿನ ಆಸ್ತಿಯೂ

ಗ್ರೀನ್ ಕಾರ್ಡ್ ಪಡೆದವರು ಜಗತ್ತಿನ ಯಾವ ಮೂಲೆಯಿಂದ ಬರುವ ವರಮಾನವನ್ನಾದರೂ ಅಮೆರಿಕದ ತೆರಿಗೆ ಇಲಾಖೆಗೆ ತೋರಿಸಬೇಕು. ಹುಬ್ಬಳ್ಳಿಯ ಮನೆ ಬಾಡಿಗೆ, ಸಹಕಾರಿ ಬ್ಯಾಂಕಿನ ಠೇವಣಿಯ ಬಡ್ಡಿ, ಇಲ್ಲಿ ತೆರಿಗೆಯಿಲ್ಲದ ಪಿಪಿಎಫ್ ಬಡ್ಡಿ ಕೂಡ ಅದರಲ್ಲಿ ಬರುತ್ತವೆ. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕಡಿತ ದೊರೆಯುವುದಾದರೂ ಲೆಕ್ಕವನ್ನು ಒಪ್ಪಿಸಲೇಬೇಕು. ಹೊರದೇಶದ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ಮೀರಿದರೆ ಅವುಗಳ ವಿವರವನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿಟ್ಟ ಸಾಮಾನ್ಯ ಶಿಕ್ಷಕರೂ ಈ ಮಿತಿಯನ್ನು ದಾಟಿರುತ್ತಾರೆ. ತಪ್ಪಿದರೆ ದಂಡ ಭಾರಿಯಾಗಿರುತ್ತದೆ.

ನಮ್ಮ ದೇಶದ ನಿಯಮಗಳೂ ಬದಲಾಗುತ್ತವೆ. ಹೊರನಾಡಿನಲ್ಲಿ ನೆಲೆಸಿದವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ತೊಡಗಿಸುವಂತಿಲ್ಲ. ಈಗಿರುವ ಹೊಲವನ್ನು ಉಳಿಸಿಕೊಳ್ಳಬಹುದು. ಹೊಸದಾಗಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ.

ಪಿಂಚಣಿದಾರರು ಪ್ರತಿವರ್ಷ ನವೆಂಬರಿನಲ್ಲಿ ಸಲ್ಲಿಸುವ ಜೀವಂತ ಪ್ರಮಾಣಪತ್ರದ ಚಿಂತೆ ಮಾತ್ರ ಈಗ ತಗ್ಗಿದೆ. 2014ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಪ್ರಮಾಣಪತ್ರ ಪಡೆಯಬಹುದಾಗಿದೆ. ತಮ್ಮ ಪಿಂಚಣಿ ಕೊಡುವ ಬ್ಯಾಂಕು ಅಥವಾ ಖಜಾನೆ ಅದನ್ನು ಒಪ್ಪುವುದೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಭಾರತದ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿಸಿ ಕಳಿಸುವ ಹಳೆಯ ದಾರಿಯೂ ಇದೆ.

ಅಮೆರಿಕದ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ನಮ್ಮ ಸಂವಿಧಾನದಲ್ಲಿ ಇಬ್ಬಗೆಯ ಪೌರತ್ವಕ್ಕೆ ಎಡೆಯಿಲ್ಲ. ಆಮೇಲೆ ಒಸಿಐ ಕಾರ್ಡಿನಿಂದ ಬಂದು ಹೋಗಬಹುದು, ಎಷ್ಟು ಕಾಲವಾದರೂ ಇರಬಹುದು. ಮತದಾನದ ಹಕ್ಕು ಇರದು. ಪೌರತ್ವದ ಪರೀಕ್ಷೆ ಇಂಗ್ಲಿಷಿನಲ್ಲಿ. 55 ವರ್ಷ ದಾಟಿ, ನಿವಾಸಿಗಳಾಗಿ 15 ವರ್ಷ ಕಳೆದವರಿಗೆ ಆ ಭಾಷೆಯಿಂದ ವಿನಾಯಿತಿಯುಂಟು. ಆದರೆ 65ಕ್ಕೆ ಹೋದ ತಾಯಿ ಆ ವಿನಾಯಿತಿ ಪಡೆಯುವ ಹೊತ್ತಿಗೆ 80ಕ್ಕೆ ಕಾಲಿಟ್ಟಿರುತ್ತಾಳೆ.

ಮನಸ್ಸಿನ ಲೆಕ್ಕ

ಡಾಲರಿನಲ್ಲಿ ಎಣಿಸಲಾಗದ ವೆಚ್ಚವೂ ಒಂದಿದೆ. ಅಲ್ಲಿನ ಬಹುಪಾಲು ಊರುಗಳಲ್ಲಿ ಕಾರಿಲ್ಲದೆ ಹೊಸ್ತಿಲು ದಾಟಲಾಗದು. ಬೆಳಗ್ಗೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದರೆಂದರೆ ಸಂಜೆಯವರೆಗೆ ಮನೆಯೆಲ್ಲ ನಿಶ್ಶಬ್ದ. ಊರಿನಲ್ಲಿ ಹತ್ತು ಜನರಿಗೆ ಬುದ್ಧಿ ಹೇಳುತ್ತಿದ್ದ ನಿವೃತ್ತ ಮುಖ್ಯೋಪಾಧ್ಯಾಯರು ಒಂದು ಪೊಟ್ಟಣ ಮಾತ್ರೆ ತರಲೂ ಮಗನ ಬಿಡುವಿಗೆ ಕಾಯಬೇಕಾಗುತ್ತದೆ. ಕಾಯಕವನ್ನೇ ಬಾಳಿನ ಬೆಳಕೆಂದು ಸಾರಿದ ಶರಣರ ಮಾತಿನ ಅರ್ಥ ಇಂತಹ ಬಿಡುವಿನಲ್ಲಿಯೇ ಆಳವಾಗಿ ತಿಳಿಯುವುದು.

ಕಾಯಕವನ್ನು ಅಲ್ಲಿಯೂ ಕಟ್ಟಿಕೊಳ್ಳಬಹುದು. ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವುದು, ಹಿತ್ತಿಲಲ್ಲಿ ನಾಲ್ಕು ತರಕಾರಿ ಬೆಳೆಯುವುದು, ಕನ್ನಡ ಕೂಟಗಳಲ್ಲಿ, ಉತ್ತರ ಅಮೆರಿಕದ ವೀರಶೈವ ಸಮಾಜದ ಕೂಟಗಳಲ್ಲಿ ವಚನ ಹೇಳಿಕೊಡುವುದು, ಇವೆಲ್ಲ ಸಣ್ಣ ಕೆಲಸಗಳಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರಿಗೆ ದೇವಾಲಯದ ದೂರವೂ ತೊಡಕಾಗದು. ಪೂಜೆಗೆಂದು ಹಸಿ ಬಿಲ್ವಪತ್ರೆಯನ್ನು ಮಾತ್ರ ಪೆಟ್ಟಿಗೆಯಲ್ಲಿ ಒಯ್ಯದಿರುವುದು ಲೇಸು; ಹಸಿ ಎಲೆ, ಹಣ್ಣು, ಬೀಜಗಳನ್ನು ಅಲ್ಲಿನ ನಿಲ್ದಾಣದಲ್ಲಿ ತಿಳಿಸಲೇಬೇಕು, ತಿಳಿಸದಿದ್ದರೆ ದಂಡ ತೆರಬೇಕಾಗುತ್ತದೆ.

ಆಡಲು ಹಿಂಜರಿಯುವ ಮಾತು

ಇನ್ನೊಂದು ಮಾತನ್ನು ಹಿರಿಯರೂ ಕಿರಿಯರೂ ಬಾಯಿ ಬಿಟ್ಟು ಆಡುವುದಿಲ್ಲ. ಪರದೇಶದಲ್ಲಿ ಲಿಂಗೈಕ್ಯರಾದರೆ ಅಂತ್ಯಕ್ರಿಯೆ ಹೇಗೆ? ನಮ್ಮಲ್ಲಿ ದೇಹವನ್ನು ಕುಳ್ಳಿರಿಸಿ ಕ್ರಿಯಾಸಮಾಧಿ ಮಾಡುವುದು ಸಂಪ್ರದಾಯ. ಅಲ್ಲಿನ ಅನೇಕ ಸ್ಮಶಾನಗಳು ಶವಪೆಟ್ಟಿಗೆಯ ಹೊರಗೆ ಕಾಂಕ್ರೀಟಿನಂತಹ ಕವಚವೂ ಬೇಕೆಂದು ನಿಯಮ ಮಾಡಿರುತ್ತವೆ. ನೆಲಕ್ಕೆ ಹಣ ತೆತ್ತು ಜಾಗ ಕೊಳ್ಳಬೇಕಾಗುತ್ತದೆ. ದೇಹವನ್ನು ಊರಿಗೆ ತರುವುದಾದರೆ ಮರಣ ಪ್ರಮಾಣಪತ್ರ, ದೇಹವನ್ನು ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಭಾರತದ ಕಾನ್ಸುಲೇಟಿನ ಒಪ್ಪಿಗೆ ಬೇಕು. ದುಃಖದ ನಡುವೆ ಮಕ್ಕಳು ಈ ನಿರ್ಧಾರಗಳನ್ನು ತಾವೇ ಮಾಡಬೇಕಾದಾಗ ಪಡುವ ಸಂಕಟ ಹೇಳತೀರದು. ತಮ್ಮ ಇಚ್ಛೆಯನ್ನು ಹಿರಿಯರು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಡುವುದು ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ. ಮರಣವೇ ಮಹಾನವಮಿ ಎನ್ನುವ ಪರಂಪರೆಯಲ್ಲಿ ಬೆಳೆದವರಿಗೆ ಈ ಮಾತು ಅಶುಭವಾಗಬಾರದು.

ಹೊರಡುವ ಮುನ್ನ

ಮೊದಲು ಅತಿಥಿಗಳಾಗಿ ಒಂದೆರಡು ಸಲ ಹೋಗಿ, ಅದರಲ್ಲಿ ಒಂದು ಚಳಿಗಾಲವನ್ನಾದರೂ ಅಲ್ಲಿ ಕಳೆದು ನೋಡಿರಿ. ಬೇಸಿಗೆಯ ಪ್ರವಾಸದಲ್ಲಿ ಕಂಡ ಅಮೆರಿಕವೇ ಬೇರೆ, ಹಿಮದಲ್ಲಿ ಕಿಟಕಿಯ ಬಳಿ ಕುಳಿತು ಕಾಣುವುದೇ ಬೇರೆ. ಊರಿನ ಮನೆಯನ್ನು ಅವಸರದಲ್ಲಿ ಮಾರಬೇಡಿರಿ. ಹಿಂದಿರುಗಿ ಬರಲು ಒಂದು ಬಾಗಿಲು ಇದೆಯೆಂಬ ಭಾವನೆಯೇ ಅರ್ಧ ಧೈರ್ಯ. ಇಲ್ಲಿನ ಆರೋಗ್ಯ ವಿಮೆಯ ಕಂತನ್ನು ನಿಲ್ಲಿಸಬೇಡಿರಿ. ಒಮ್ಮೆ ನಿಂತರೆ ಹಳೆಯ ಕಾಯಿಲೆಗಳಿಗೆ ಮತ್ತೆ ಕಾಯುವ ಅವಧಿ ಆರಂಭವಾಗುತ್ತದೆ. ಹೊಲ ಮನೆಗಳ ವ್ಯವಹಾರಕ್ಕೆ ನಂಬಿಕಸ್ಥರೊಬ್ಬರಿಗೆ ಮುಖ್ತಿಯಾರ್ ಪತ್ರವನ್ನು ಇಲ್ಲಿರುವಾಗಲೇ ನೋಂದಣಿ ಮಾಡಿಸಿಕೊಡಿರಿ. ಉಯಿಲನ್ನೂ ಬರೆದಿಡಿರಿ. ದಂಪತಿಗಳಿಬ್ಬರ ಹೆಸರಿನಲ್ಲೂ ಸ್ವಲ್ಪ ಹಣ ಇರಲಿ. ಪರದೇಶದಲ್ಲಿ ತಾಯಿ ಪ್ರತಿಯೊಂದಕ್ಕೂ ಕೈಯೊಡ್ಡುವಂತಾಗಬಾರದು. ಶುಲ್ಕ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಹೊತ್ತಿನಲ್ಲಿ ಬಲ್ಲ ವಕೀಲರನ್ನು, ಲೆಕ್ಕಪರಿಶೋಧಕರನ್ನು ಕೇಳಿ ಖಚಿತಪಡಿಸಿಕೊಳ್ಳಿರಿ.

ಮಕ್ಕಳಿಗೂ ನಾವು ಒಂದು ಮಾತು ಹೇಳಬಯಸುತ್ತೇವೆ. ತಂದೆತಾಯಿಗಳನ್ನು ಕರೆಯುವಾಗ ಅವರ ಮುಂದೆ ಪ್ರೀತಿಯನ್ನಷ್ಟೇ ಅಲ್ಲ, ವಿಮೆಯ ಕಂತಿನ ಲೆಕ್ಕವನ್ನೂ ಇಡಿರಿ. ಅವರು ಬರಲೊಲ್ಲೆನೆಂದರೆ ಅದನ್ನು ನಿಮ್ಮ ಮೇಲಿನ ಮುನಿಸೆಂದು ತಿಳಿಯಬೇಡಿರಿ. ಬಂದರೆ ಅವರ ಕೈಗೊಂದು ಕೆಲಸ, ಮನಸ್ಸಿಗೊಂದು ಜೊತೆ ಇರುವಂತೆ ನೋಡಿಕೊಳ್ಳಿರಿ. ಎಲ್ಲಿದ್ದರೂ ಹಿರಿಯರು ಹಂಗಿನವರಾಗಿ ಬಾಳದೆ ಗೌರವದಿಂದ ಬಾಳುವಂತಾಗಲಿ. ಅತಿಥಿಗಳಾಗಿ ಹೋದವರು ಸಂತೋಷದಿಂದ ಹಿಂದಿರುಗಲಿ, ನಿವಾಸಿಗಳಾಗಿ ಹೋದವರು ನೆಮ್ಮದಿಯಿಂದ ನೆಲೆಸಲಿ ಎಂಬುದೇ ನಮ್ಮ ಹಾರೈಕೆ.